ಒಂದು ಮಂಚ, ಅರವತ್ತು ಪಾಯಿಂಟು

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು,
ಮೂರನೇ ಮಹಡಿ, ಕಿಟಕಿಯ ಕಡೆಯ ಕೆಳಗಿನ ಮಂಚ.
ಹಗಲು ನನ್ನದು, ರಾತ್ರಿ ಸಿಬಗತುಲ್ಲಾನದು.
ನಾನು ಖುಬೂಸ್ ಭಟ್ಟಿಯಿಂದ ಬರುವ ಹೊತ್ತಿಗೆ
ಅವನು ಟೈರ್ ಗೋದಾಮಿಗೆ ಹೋಗಿರುತ್ತಾನೆ.
ದಿಂಬಿನಲ್ಲಿ ಅವನ ತಲೆಯ ಗುಂಡಿ
ಇನ್ನೂ ಬೆಚ್ಚಗಿರುತ್ತದೆ.

ಬಾಡಿಗೆ ಅರ್ಧರ್ಧ.
ರೋಲಾದಲ್ಲಿ ಕೊಂಡ ಹಳೇ ಲ್ಯಾಪ್‌ಟಾಪೂ ಅರ್ಧರ್ಧ.
ಅದರೊಳಗಿನ ವೀರನೂ.
ಊರಲ್ಲಿ ಸತ್ತ ನಾಯಿಯ ನೆನಪಿಗೆ
ಇಂಗ್ಲಿಷಿನಲ್ಲಿ ಕರಿಯ ಎಂದು ಕುಟ್ಟಿದೆ;
ಕೆ ಕೀಲಿ ಕಿತ್ತುಹೋಗಿತ್ತು, ಮೂಡಿದ್ದು ಅರಿಯ.
ಇರಲಿ ಬಿಡು, ಏನೂ ಅರಿಯ.

ನಾನು ಕತ್ತಿಯ ಪೈಕಿ. ತೋಳಿಗೆ ಹಾಕು, ಬಡಿ, ಮುಂದೆ ನಡೆ.
ಅವನಿಗೆ ಮಂತ್ರದ ಹುಚ್ಚು.
ಹಗಲು ನಾನು ಕತ್ತಿಗೆ ಮೂರು ಹಾಕಿದರೆ
ರಾತ್ರಿ ಅವನು ಬೆಂಕಿಗೆ ಮೂರು.
ಹದಿನಾಲ್ಕನೇ ಲೆವೆಲ್ಲಿಗೆ ನಮ್ಮ ಅರಿಯ
ಕಾಡುಹಂದಿಯ ಕೈಯಲ್ಲೂ ಸಾಯತೊಡಗಿದ.
ಎತ್ತಿದರೆ ಕತ್ತಿ ಭಾರ, ಜಪಿಸಿದರೆ ಬರೀ ಹೊಗೆ.
ಆತುರದ ಖುಬೂಸಿನ ಹಾಗೆ
ಹೊಟ್ಟೆ ಉಬ್ಬಿದೆ, ಒಳಗೆ ಹಸಿ.

ಮೇಲಿನ ಮಂಚದ ವಾಮನಣ್ಣ ಇಣುಕಿ ನೋಡಿ
"ಎರಡು ದೋಣಿಗೆ ಕಾಲಿಟ್ಟವನಲ್ಲವಾ ಮಾರಾಯ,
ಅಳಿಸಿ ಹೊಸತಾಗಿ ಸುರು ಮಾಡಿ" ಅಂದ.
ಅಳಿಸಲು ಇಬ್ಬರೂ ಒಪ್ಪಬೇಕು.
ಇಬ್ಬರೂ ಒಟ್ಟಿಗೆ ಎಚ್ಚರವಿರುವುದು ಎಲ್ಲಿ?

ಮೈದಾ ಮೂಟೆಯ ಕಾಗದ ಹರಿದು ಲೆಕ್ಕ ಬರೆದೆ:
ಬಲಗೈಯ ಕತ್ತಿಗೆ ಇಪ್ಪತ್ತೆರಡು, ಮೇಲೆ ಒಂದೂ ಬೇಡ.
ಎಡಗೈಯ ಬೆಂಕಿಗೆ ಹದಿನೆಂಟು.
ಮೈತುಂಬ ಕಬ್ಬಿಣ ತೊಟ್ಟರೆ ಮಂತ್ರ ಏಳುವುದಿಲ್ಲ,
ಬರೀ ತೊಗಲು ತೊಟ್ಟರೆ ಎರಡೇಟಿಗೆ ಕತೆ ಮುಗಿಯಿತು;
ಎದೆಗೆ ಕಬ್ಬಿಣ, ಕೈಗೆ ತೊಗಲು,
ತಲೆ ದೇವರ ಮೇಲೆ.
ಹದಿನಾರು ಉಸಿರಿಗೆ.
ನಾಲ್ಕು ಹಾಗೇ ಇರಲಿ.

ದಿಂಬಿನಡಿ ಇಟ್ಟು ಕೆಲಸಕ್ಕೆ ಹೋದೆ.
ಬೆಳಿಗ್ಗೆ ಪೆನ್ಸಿಲಿನಲ್ಲಿ ಉತ್ತರ,
ಭಟ್ಕಳದ ಸಾಲೆಯಲ್ಲಿ ಕಲಿತ, ಬಲಕ್ಕೆ ವಾಲುವ ಅಕ್ಷರ:
ಕತ್ತಿಯಿಂದ ಎರಡು ಕದ್ದಿದ್ದೇನೆ.
ಗಾಯ ಮಾಯಿಸುವ ಮಂತ್ರ ಒಂದಾದರೂ ಬೇಕು,
ಬಿದ್ದರೆ ಎಬ್ಬಿಸಲು ಅಲ್ಲಿ ಬೇರೆ ಯಾರಿದ್ದಾರೆ?
ಅದರ ಕೆಳಗೆ:
ದಿಂಬಿನ ಚೀಲ ಒಗೆಯುವ ಪಾಳಿ ನಿನ್ನದು.

ಹೀಗೇ ಎರಡು ತಿಂಗಳು. ಕಾಗದದ ಒಂದಂಚಿಗೆ ಹಿಟ್ಟು,
ಇನ್ನೊಂದಂಚಿಗೆ ಟೈರಿನ ಕರಿ ಬೆರಳು.
ಮೂವತ್ತೊಂದನೇ ಲೆವೆಲ್ಲಿನಲ್ಲಿ, ಬೆಳಗಿನ ಹತ್ತು ಗಂಟೆಗೆ,
ಎಲ್ಲರೂ ಗೊರಕೆ ಹೊಡೆಯುವಾಗ
ಅರಿಯನ ಕತ್ತಿಗೆ ತಾನಾಗಿ ಬೆಂಕಿ ಹತ್ತಿತು.
ಉರಿಗತ್ತಿ. ಬರೀ ಕತ್ತಿಯವನಿಗೆ ಸಿಗದು,
ಬರೀ ಬೆಂಕಿಯವನಿಗೂ ಸಿಗದು.
ಕೂಗಲು ಬಾಯಿ ತೆರೆದು ಮುಚ್ಚಿದೆ.
ಕಾಗದದ ಮೇಲೆ ಬರೆದೆ: ಬಂತು.
ಮಾರನೇ ಬೆಳಿಗ್ಗೆ ಅದರ ಪಕ್ಕ: ಕಂಡೆ.

ಬಕ್ರೀದಿಗೆ ಭಟ್ಟಿಗೂ ರಜೆ, ಗೋದಾಮಿಗೂ ರಜೆ.
ಅವನು ನಮಾಜು ಮುಗಿಸಿ ಬಂದ, ಮಡಿಕೆ ಬಿಡದ ಹೊಸ ಅಂಗಿ.
ಇಷ್ಟು ಕುಳ್ಳ ಎಂದು
ದಿಂಬಿನ ಗುಂಡಿ ನೋಡಿ ನನಗೆ ತಿಳಿದಿರಲಿಲ್ಲ.
ಮಂಚದ ಅಂಚಿನಲ್ಲಿ ಬೀಗರಂತೆ ಕೂತೆವು.
ನೀನಾಡು ಅಂದೆ. ಇಲ್ಲ, ನೀನು ಅಂದ.

ಹೊರಗೆ ನಲವತ್ತನಾಲ್ಕು ಡಿಗ್ರಿ.
ಪರದೆಯ ಹಿಮದಲ್ಲಿ ಅರಿಯ ಸುಮ್ಮನೆ ನಿಂತಿದ್ದ,
ಭಾರ ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ.
ಆ ನಾಲ್ಕು ಪಾಯಿಂಟು ಇನ್ನೂ ಖಾಲಿ,
ಯಾವುದಕ್ಕೆ ಹಾಕುವಾ ಎಂದ ಸಿಬಗತ್.
ಯೋಚಿಸುತ್ತೇನೆ ಅಂದೆ.
ಇಬ್ಬರಿಗೂ ನಿದ್ದೆ ಬರುತ್ತಿತ್ತು.