ಹಾಳೆ ನಂಬರ್ ಏಳು

ಕಾಳಿಯ ಅಳಿವೆಯಿಂದ ಹಿಡಿದು
ಕೋಡಿಬಾಗದ ಗಾಳಿಮರಗಳವರೆಗೆ
ಹಾಳೆ ನಂಬರ್ ಏಳು. ಬರೆದವಳು ನಾನೇ.
ಹಸಿರು ಅಂದರೆ ಉದ್ಯಾನ, ನೀಲಿ ಅಂದರೆ ನೀರು,
ಕೇಸರಿ ಅಂದರೆ ಅಂಗಡಿಸಾಲು,
ಬಿಳಿ ಅಂದರೆ ಏನೂ ಇಲ್ಲ.
ತುಂಬ ಬಿಳಿಯಿತ್ತು ಆ ಹಾಳೆಯಲ್ಲಿ.
ಪುಣೆಯಿಂದ ಬಂದ ಸಲಹೆಗಾರರು ಅದಕ್ಕೆ
‘ಒಳ್ಳೆ ಅವಕಾಶ’ ಎಂದರು.

ಸಭೆಯಲ್ಲಿ ಫ್ಯಾನು ಮೂರು, ತಿರುಗುವುದು ಒಂದು.
ಪರದೆಯ ಮೇಲೆ ನಾಳೆಯ ಕಾರವಾರ:
ಕಂಬದೊಳಗೆ ಕ್ಯಾಮೆರಾ, ಕಂಬದೊಳಗೆ ವೈಫೈ,
ತಾನು ತುಂಬಿದ್ದು ಕಸದ ಡಬ್ಬಿಗೇ ಗೊತ್ತಾಗುತ್ತದಂತೆ.
ಕಡಲ ಗೋಡೆಯ ಗುಂಟ ನಡೆವ ಚಿತ್ರದ ಜನ
ತೆಳ್ಳಗೆ, ಬೆಳ್ಳಗೆ,
ಒಬ್ಬರ ತಲೆಯ ಮೇಲೂ ಬುಟ್ಟಿಯಿಲ್ಲ.
ಆಮೇಲೆ ನೋಡಿದೆ: ಒಬ್ಬರಿಗೂ ನೆರಳಿಲ್ಲ.

ಎಲ್ಲ ಎದ್ದ ಮೇಲೆ ಮುಕ್ತಾಬಾಯಿ ತಾಂಡೇಲ
ಹಾಳೆಯ ಹತ್ತಿರ ಬಂದಳು.
‘ಚೆಂದ ಅದೆ ತಂಗಿ. ನಮ್ಮನೆ ಎಲ್ಲದೆ?’
ತೋರಿಸಿದೆ. ಬೆರಳಿಟ್ಟಳು.
‘ಮನೆ ಮುಂದೆ ಇದು ಬೆಳ್ಳಗೆ, ಎಂತದು?’
‘ಖಾಲಿ ಜಾಗ.’
ನಗಲಿಲ್ಲ. ಬೈಯಲೂ ಇಲ್ಲ.
‘ನಾಳೆ ಬಾ, ಐದಕ್ಕೆ. ಚಪ್ಪಲಿ ಬ್ಯಾಡ.
ಖಾಲಿ ಜಾಗ ತೋರ್ಸ್ತೆ.’
ಬೆರಳು ಎತ್ತಿದಲ್ಲಿ ಒಂದು ಹುರುಪೆ ಅಂಟಿ ಉಳಿಯಿತು,
ಬಂಗಡೆಯದೋ, ತಾರ್ಲಿಯದೋ.

ಐದಕ್ಕೆ ಕಡಲು ಇನ್ನೂ ಸೀಸದ ಬಣ್ಣ.
ದೋಣಿ ಅರ್ಧಚಂದ್ರ ಬಳಸಿ ಬಂದು
ಹಗ್ಗದ ತುದಿ ದಂಡೆಗೆ ಎಸೆಯಿತು.
ರಂಪಣಿ. ಆ ಕಡೆ ಇಪ್ಪತ್ತು ಜನ, ಈ ಕಡೆ ಇಪ್ಪತ್ತು,
ಮುದುಕರು, ಶಾಲೆಗೆ ಹೋಗುವ ಹುಡುಗರು,
ರಾತ್ರಿ ಪಾಳಿ ಮುಗಿಸಿ ಬಂದ ವಾಚ್‌ಮನ್ ಒಬ್ಬ.
ಟೇಪು ಕಿಸೆಯಲ್ಲಿಟ್ಟು ನಾನೂ ಹಗ್ಗ ಹಿಡಿದೆ.
ಮುಖ ಕಡಲಿಗೆ, ಬೆನ್ನು ಊರಿಗೆ,
ಹಿಂದೆ, ಹಿಂದೆ, ಇನ್ನೂ ಹಿಂದೆ.
ನೀರಂಚಿನಿಂದ ಗಾಳಿಮರದವರೆಗೆ ಎಣಿಸಿದೆ:
ಎಂಬತ್ತು ಹೆಜ್ಜೆ.
ನಾನು ಬರೆದ ಗೋಡೆ
ನಲವತ್ತೇಳನೇ ಹೆಜ್ಜೆಗೆ ಬೆನ್ನಿಗೆ ತಾಗುತ್ತದೆ.

ಹಗ್ಗ ಮುಟ್ಟಿದವರಿಗೆಲ್ಲ ಪಾಲು. ನನ್ನ ಟೋಪಿಗೆ
ಆರು ಬಂಗಡೆ ಬಿದ್ದವು, ಒಂದು ಇನ್ನೂ ಮಿಡುಕುತ್ತಿತ್ತು.

ಎಂಟಕ್ಕೆ ಅದೇ ಬಿಳಿಯ ಮೇಲೆ ಬಲೆ ಒಣಗಿತು.
ಮಧ್ಯಾಹ್ನ ತಾರ್ಲಿ. ನಾಲ್ಕಕ್ಕೆ ಕ್ರಿಕೆಟ್ಟು,
ಮಗುಚಿದ ದೋಣಿಯೇ ವಿಕೆಟ್ಟು. ಕತ್ತಲಾದ ಮೇಲೆ
ಅದರ ಮರೆಗೆ ಹೆಂಗಸರು
ಒಬ್ಬರಿಗೊಬ್ಬರು ಕಾವಲು ನಿಂತು ಹೋಗಿಬರುವುದು.
‘ಬರ್ಕೋ,’ ಅಂದಳು ಮುಕ್ತಾಬಾಯಿ,
‘ಬಾಗಿಲು ಇದ್ದ ಪಾಯಿಖಾನೆ. ಒಂದು ನಳ.
ಮೀನು ಇಟ್ಟು ಕೂರೂಕೆ ನೆರಳು.
ಕಂಬ ಬೆಳಕು ಕೊಟ್ರೆ ಸಾಕು,
ಮಾತಾಡೂದು ಬ್ಯಾಡ.’

ಅಷ್ಟರಲ್ಲಿ ಅವಳ ಅಣ್ಣನ ಮಗ ಸುಕೇಶ:
‘ಅತ್ತೆ ಮಾತು ಬಿಡಿ ಮೇಡಂ, ಗೋಡೆ ಬರ್ಲಿ.
ಪ್ರವಾಸಿಗರು ಬಂದ್ರೆ ನಾನೊಂದು ಗಾಡಿ ಹಾಕ್ತೆ,
ಕೋಕಂ ಸೋಡಾ, ಚುರುಮುರಿ.
ಈ ಹಗ್ಗ ಎಳ್ದು ಎಷ್ಟು ದಿನ?’
ಅವಳು ತಿರುಗಿಯೂ ನೋಡಲಿಲ್ಲ. ನಾನು ಅದನ್ನೂ ಬರೆದುಕೊಂಡೆ.
ಅವನ ಗಾಡಿಯೂ ನಿಲ್ಲಬೇಕಲ್ಲ ಎಲ್ಲೋ,
ಎಂಬತ್ತೊಂದನೇ ಹೆಜ್ಜೆಯಲ್ಲಿ?

ಕಚೇರಿಯಲ್ಲಿ ಬಣ್ಣದ ಪಟ್ಟಿ ತೆಗೆದೆ.
ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಅಂಗಳ,
ಸಂಜೆ ಮೈದಾನ, ರಾತ್ರಿ ಮರೆ,
ಇದಕ್ಕೆ ಬಣ್ಣವಿಲ್ಲ.
‘ಒಂದು ಜಾಗ, ಒಂದು ಬಳಕೆ’ ಎಂದರು ಸಾಹೇಬರು,
ಊಟದ ಡಬ್ಬಿ ಮುಚ್ಚುತ್ತ.
ಗೋಡೆಯನ್ನು ರಬ್ಬರಿನಿಂದ ಉಜ್ಜಿದೆ. ಪೂರ್ತಿ ಹೋಗಲಿಲ್ಲ.
ಮೇಲೆ ಪೆನ್ಸಿಲ್ಲಿನಿಂದ ಎಂಬತ್ತು ಹೆಜ್ಜೆ,
ಹಿಮ್ಮಡಿ ಮೊದಲು.

ಹಾಳೆ ಸ್ಕ್ಯಾನಾಗಿ ಪುಣೆಗೆ ಹೋಯಿತು.
ಶುಕ್ರವಾರ ಫೋನು:
‘ಹೆಜ್ಜೆಗಳ ಮಾತು ಆಮೇಲೆ. ಖಾಲಿ ಜಾಗದ ನಡುವೆ
ಒಂದು ಚುಕ್ಕೆ ಹೊಳೆಯುತ್ತಿದೆಯಲ್ಲ,
ಪಟ್ಟಿಯಲ್ಲಿಲ್ಲ, ಅದೇನು?’

ಹೇಳಲು ಹೊರಟವಳು ನಿಲ್ಲಿಸಿದೆ.
ಬನ್ನಿ, ಅಂದೆ. ಐದಕ್ಕೆ.
ಚಪ್ಪಲಿ ಬೇಡ.