ಮ್ಯಾಚಿಂಗ್ ಸಿಗದ ಕೆಂಪು

ಶ್ರೀರಾಮಪುರದ ನಮ್ಮ ಓಣಿಯಲ್ಲಿ
ಸೈಬರ್ ಸೆಂಟರ್ ಮುಚ್ಚಿದ ದಿನ
ದೇವೇಂದ್ರಯ್ಯ ಕಂಪ್ಯೂಟರೊಂದನ್ನು ಎದೆಗವಚಿ ತಂದು
ನನ್ನ ಕತ್ತರಿ ಹಲಗೆಯ ಮೇಲಿಟ್ಟರು.
ಮಕ್ಕಳ ಯೂನಿಫಾರಂ ಬಾಕಿ ನಾಲ್ಕು ಜೊತೆ,
ಹೆಂಡತಿಯ ಬ್ಲೌಸು ಒಂಬತ್ತು.
"ಲೆಕ್ಕ ಚುಕ್ತಾ, ಸುಗುಣಮ್ಮಾ. ಹಾಡು ಚೆನ್ನಾಗಿ ಹಾಡುತ್ತೆ."

ಹಾಡುವುದೇನೋ ಹಾಡುತ್ತೆ. ನಿಲ್ಲಿಸುವವರು ಯಾರು?
ಎರಡು ಕಾಲೂ ಪೆಡಲಿನ ಮೇಲೆ,
ಎರಡು ಕೈಯೂ ಕಂಕುಳ ತಿರುವಿನಲ್ಲಿ,
ಬಾಯಲ್ಲಿ ಗುಂಡುಪಿನ್ನು,
ಗೋಡೆಬದಿಯಲ್ಲಿ ಅದೇ ಅಳುಮುಂಜಿ ಹಾಡು ಮೂರನೇ ಸಲ.
ಎದ್ದು ಹೋಗಿ ಬಂದರೆ ಹೊಲಿಗೆ ಸೊಟ್ಟ.

ಡಿವಿಡಿ ಪ್ಲೇಯರ್ ಸತ್ತು ಆರು ವರ್ಷ.
ಅದರ ರಿಮೋಟು ಮಾತ್ರ ಗುಂಡಿಡಬ್ಬಿಯಲ್ಲಿ
ಹುಕ್ಕು, ಪ್ರೆಸ್‌ಬಟನ್ನುಗಳ ಜೊತೆ ಸಂಸಾರ ಹೂಡಿತ್ತು.

ಎಸ್.ಪಿ. ರೋಡಿನ ಸಾದಿಕ್ ಅದನ್ನು ತಿರುವಿ ನೋಡಿ
"ಜೀವ ಇದೆ ಅಕ್ಕಾ" ಅಂದ, ಮೊಬೈಲಿನ ಕ್ಯಾಮೆರಾಕ್ಕೆ ಹಿಡಿದ.
ಬರಿಗಣ್ಣಿಗೆ ಏನೂ ಇಲ್ಲ. ಕ್ಯಾಮೆರಾದಲ್ಲಿ
ತುದಿಯ ಮಣಿ ನೇರಳೆಯಾಗಿ ಮಿಣುಕಿತು.
"ಇದು ಕೆಂಪೇ. ಕೆಂಪಿನ ಆಚೆಗಿನ ಕೆಂಪು."

ನನಗೆ ಕೆಂಪಿನ ಪಾಠವೇ!
ಕುಂಕುಮ, ದಾಳಿಂಬೆ, ಇಟ್ಟಿಗೆ, ಬೀಟ್‌ರೂಟು,
ಮದುವೆಮನೆಯವರು ತಂದು ಸುರಿಯುವ ಒಂದೊಂದಕ್ಕೂ
ಚಿಕ್ಕಪೇಟೆಯ ಮ್ಯಾಚಿಂಗ್ ಸೆಂಟರಿನ ಬಾಗಿಲಿಗೆ ಬಂದು
ಹಗಲುಬೆಳಕಿಗೆ ಹಿಡಿದು ಲೈನಿಂಗ್ ಆರಿಸಿದವಳು ನಾನು.
ಈ ಕೆಂಪಿನ ಥಾನು ಯಾವ ಕಪಾಟಿನಲ್ಲೂ ಇಲ್ಲ.

ಇಪ್ಪತ್ತೈದು ರೂಪಾಯಿಗೆ ಉದ್ದಿನಕಾಳಿನಂಥ ಕರೀ ಕಣ್ಣು,
ಮೂರು ಕಾಲು. "ಮೂವತ್ತೆಂಟರದ್ದೇ ಬೇಕು" ಅಂದ ಸಾದಿಕ್.
ಎದೆಸುತ್ತೇನಪ್ಪಾ ಅಂದೆ.
ಸೆಕೆಂಡಿಗೆ ಮೂವತ್ತೆಂಟು ಸಾವಿರ ಸಲ
ರೆಪ್ಪೆ ಬಡಿಯುವ ಬೆಳಕಂತೆ ಅದು.
ನಗುತ್ತಲೇ ವೈರು ಬೆಸೆದು ಕೊಟ್ಟ.

ಕಂಪ್ಯೂಟರಿನ ಬೆನ್ನಲ್ಲಿ ಒಂಬತ್ತು ಸೂಜಿಯ ಕಿಂಡಿ.
ಸೂಜಿ ಅಂದಮೇಲೆ ನನಗೇನು ಭಯ?

ರಾತ್ರಿ, ಶಟರು ಅರ್ಧ ಇಳಿಸಿ ಕೂತೆ.
ಗುಂಡಿ ಒತ್ತು, ಒತ್ತಿಯೇ ಇರು, ಎಂದಿತು ಪರದೆ.
ಒತ್ತಿದೆ. ಏನಿಲ್ಲ.
ಹಿಂದೆ ಹೋಗಿ ನೋಡಿದರೆ ಪ್ಲಗ್ಗು ಅರೆಬರೆ ಕೂತಿದೆ,
ಕಾಜಾ ತಪ್ಪಿದ ಗುಂಡಿಯ ಹಾಗೆ.
ಅದುಮಿ, ಮತ್ತೆ ಒತ್ತಿದೆ.
ಒಂದು ಚುಕ್ಕಿ. ಇನ್ನೊಂದು.
ಪರದೆಯ ಉದ್ದಕ್ಕೂ ಕಚ್ಚಾ ಹೊಲಿಗೆ ಓಡಿತು.

ಈಗ ಗುಂಡಿಗೆ ಹೆಸರಿಡು, ಎಂದಿತು.
ರಿಮೋಟಿನ ಮೇಲಿನ ಅಕ್ಷರ ಎಂದೋ ಸವೆದಿವೆ.
ನಾನೇ ಇಟ್ಟೆ: ಸಾಕು. ಮುಂದಕ್ಕೆ. ಇನ್ನೊಂದ್ಸಲ.
ಗಿರಾಕಿ ಬಂದಾಗ ದನಿ ತಗ್ಗಿಸಲು: ಬನ್ನಿ ಕೂತ್ಕೊಳ್ಳಿ.
ಮೂಲೆಯದೊಂದಕ್ಕೆ ಹೆಸರಿಡದೆ ಬಿಟ್ಟೆ,
ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಬಿಡುವಂತೆ,
ಮುಂದೆಂದೋ ಬಿಚ್ಚಿ ಸಡಿಲಿಸಲು ಇರಲಿ.

ಮೂರು ದಿನ ರಾಣಿಯ ಹಾಗಿದ್ದೆ.
ನಾಲ್ಕನೇ ರಾತ್ರಿ ಯಾರೂ ಮುಟ್ಟದೆ ಹಾಡು ಹಾರಿತು.
ಮತ್ತೆ ಹಾರಿತು. ಟ್ಯೂಬ್‌ಲೈಟಿನ ಮೇಲೆ ಅನುಮಾನ, ಆರಿಸಿದೆ.
ಕತ್ತಲಲ್ಲೂ ಹಾರಿತು.

ಪಕ್ಕದ ಕಿಟಕಿಯಿಂದ ಎರಡೇ ಮಾರು ಆಚೆ
ಸಂಜೆಪಾಳಿ ಮುಗಿಸಿ ಬಂದ ಸಿಸ್ಟರ್ ಫಿಲೋಮಿನಾ
ಬಿಳಿ ಬಟ್ಟೆಯನ್ನೂ ಬದಲಿಸದೆ, ಸ್ಟೂಲಿನ ಮೇಲೆ ಕಾಲು ಚಾಚಿ
ಚಾನೆಲ್ ಬದಲಿಸುತ್ತಿದ್ದರು.
ಒಂದೇ ಕಂಪನಿಯ ರಿಮೋಟು. ಒಂದೇ ಭಾಷೆ.

ಕರ್ಟನ್ ಹೊಲಿದು ಹಾಕಿದರೆ ಮುಗಿಯುತ್ತಿತ್ತು,
ತುಂಡುಬಟ್ಟೆಗೇನು ಬರ.
ಅಳತೆಯನ್ನೂ ತೆಗೆದೆ: ಮೂರೂವರೆ ಅಡಿ.
ಆಮೇಲೆ ಟೇಪನ್ನು ಕೊರಳಿಗೇ ಹಾಕಿಕೊಂಡು ಸುಮ್ಮನಾದೆ.

ಹಿಂದೊಮ್ಮೆ ಅವರ ಕೋಟಿಗೆ ಜೇಬು ಹಾಕಿಕೊಟ್ಟಿದ್ದೆ,
ಥರ್ಮಾಮೀಟರು ಬೀಳದಷ್ಟು ಆಳ. ಮಾತುಕತೆ ಅಷ್ಟೇ.

ಹನ್ನೊಂದೂ ಮುಕ್ಕಾಲಿಗೆ ಅವರು ಟಿವಿ ಆರಿಸುತ್ತಾರೆ.
ಆಗ ನನ್ನ ಪರದೆಯ ಮೇಲೆ ಹೆಸರಿಲ್ಲದೊಂದು ಸಾಲು ಮೂಡುತ್ತಿತ್ತು,
ನಾನು ಬಿಟ್ಟಿದ್ದ ಅದೇ ಮೂಲೆಗುಂಡಿ.
ನಿನ್ನೆ ಅದಕ್ಕೂ ಹೆಸರು ಬರೆದೆ: ಮಲಗು.

ಈಗ ಅವರ ಟಿವಿ ಕಣ್ಣು ಮುಚ್ಚಿದರೆ
ನನ್ನ ಕಂಪ್ಯೂಟರೂ ಮುಚ್ಚುತ್ತದೆ.
ಮೆಷಿನ್ನಿಗೆ ಮುಸುಕು ಹೊದಿಸಿ ನಾನೂ ಏಳುತ್ತೇನೆ,
ಕೊರಳುಪಟ್ಟಿ ಅರ್ಧ ಉಳಿದಿದ್ದರೂ.
ಬ್ಲೌಸಿನವರು ನಾಳೆ ಬಂದು ಬೈದುಕೊಳ್ಳಲಿ.