ಯಾಕ ಅನ್ನೋ ಮನಿ

ನಮ್ಮ ಓಣಿಗೆ ನಳ ಬಂದ ದಿನ
ಬೆಟಗೇರಿ ಸಾಲಿ ಗೇಟಿನ ಹೊರಗ
ಹನ್ನೊಂದು ಹುಡುಗ್ರು, ತಲಿಮ್ಯಾಲೆ ಪಾಟಿಚೀಲ, ಬಿಸಲಾಗ.
ಅಂಗಿ ತೋಳು ಇನ್ನೂ ಹಸಿ.

ಪಿಯುಸಿ ಕಲಿಯೋ ಗಂಗಾಂಬಿಕಾ
ಸೀರಿ ಲೆಕ್ಕದ ವಹಿ ತಿರುವಿ ಹಿಡದು
ಹಿಂದಿನಿಂದ ಬರಕೋತ ಬಂದಳು:
ಯಾರು, ಯಾವತ್ತು, ಎಷ್ಟೊತ್ತು, ಯಾಕ.
ಸಾಲಿ ಹಾಜರ್ಯಾಗ ಆ ಕಡೀ ಮನಿ ಇರಲಿಲ್ಲ.

ಒಂದ ಸಂಜಿ ಮಗ್ಗ ನಿಲ್ಲಿಸಿ ಕೂತ್ವಿ.
ಮಾಬುಬಿ ಚಾ ತಂದಳು, ಕಪ್ಪು ಸಾಲಲಿಲ್ಲ.
"ಪೆಟ್ಟು ಬೀಳದ ಬುದ್ಧಿ ಬರತೈತೇನ? ನಾ ತಿಂದಿಲ್ಲೇನ?"
ಅಂದ ಪರಶುರಾಮಸಾ.
ಅವನ ನಡುಬೆರಳು ಮೂರನೆತ್ತೆಯಿಂದ ಸೊಟ್ಟ,
ಲಾಳಿ ಎಸಿಯಾಕ ಬರೂದಿಲ್ಲ, ಬರೇ ಕಂಡಿಕಿ ಸುತ್ತತಾನ.
ಎಲ್ಲಾರೂ ಅವನ ಕೈ ನೋಡಿದ್ವಿ.
ಆಮ್ಯಾಲೆ ಅವನೂ ನೋಡಿಕೊಂಡ.

ಮುಂದಿನ ಸಲ ನಳ ಬಂದಾಗ
ಕೊಡ ಟೊಂಕದ ಮ್ಯಾಲಿದ್ಹಂಗ ಹೋಗಿ
ಹುಡುಗ್ರ ಮಗ್ಗಲ ನಿಂತ್ವಿ.
ಹೆಡ್ ಅಕ್ಕೋರು ಹೊರಗ ಬಂದ್ರು: "ನೀವ್ಯಾಕ?"
"ನಾವೂ ತಡಾಗೇವ್ರೀ."
ಚೌಡವ್ವ ನಕ್ಕಳು. ನನಗ ತೊಡಿ ನಡಗತಿತ್ತು.

ಅವರು ವಹಿ ಓದಿದ್ರು, ಉದ್ರಿ ಲೆಕ್ಕನೂ ಬಿಡಲಿಲ್ಲ.
ತಪ್ಪಾತು ಅನ್ನಲಿಲ್ಲ.
ಪಿ.ಟಿ. ಮಾಸ್ತರನ ಬೆತ್ತ ಕಪಾಟಿಗೆ ಹೋತು,
ಕೀಲಿ ಇನ್ನೂ ಅವನ ಕಿಸೇದಾಗ ಐತಿ.
ಹಾಜರಿ ವಹ್ಯಾಗ ಮಾತ್ರ
ಸ್ಕೇಲಿಟ್ಟು ಎಳದ ಒಂದ ಹೊಸಾ ಮನಿ.

ನಿನ್ನೆ ನನ್ನ ಮಗನ್ನ ಕೇಳಿದ್ರಂತ, "ಯಾಕೋ ತಡ?"
ಅವ ಸುಮ್ನ ನಿಂತನಂತ.
ಇಷ್ಟ ವರ್ಷ ಯಾರೂ ಕೇಳಿರಲಿಲ್ಲಲ್ಲ,
ಉತ್ತರ ತಗೊಂಡ ಹೋಗಿರಲಿಲ್ಲ.